ಕೇಳದೆ ಉಳಿದ ಪ್ರಶ್ನೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರತಕ್ಕದ್ದೆಂಬುದು ವಾಡಿಕೆ. ಶಿಸ್ತು, ಸಮಯಪಾಲನೆ, ಓದಿನ ಅಭಿರುಚಿ ಮುಂತಾದವುಗಳನ್ನು ಕುರಿತು ನಾವು ಹಿಂದೆ ಬರೆದದ್ದುಂಟು. ಈ ಸಾರಿ ಹೆಣ್ಣು ಮಕ್ಕಳ ಶಾಲೆಯ ಪುಟಗಳಲ್ಲಿ ಸಾಮಾನ್ಯವಾಗಿ ಕಾಣದ ವಿಷಯವೊಂದನ್ನು, ಅಂದರೆ ಗಂಡಸರಿಗೆ ಬರುವ ಒಂದು ರೋಗವನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇವೆ. ಇದು ತಕ್ಕದ್ದೋ ಅಲ್ಲವೋ ಎಂಬುದನ್ನು ಓದಿ ಮುಗಿಸಿದ ಮೇಲೆ ನೀವೇ ನಿರ್ಣಯಿಸಬೇಕು.

ನಮ್ಮ ತಂದೆಯವರು ಅಂಚೆ ಇಲಾಖೆಯಲ್ಲಿ ಮೂವತ್ತಾರು ವರುಷ ದುಡಿದು ನಿವೃತ್ತರಾದವರು, ಮಿತಭಾಷಿಗಳು. ನಿವೃತ್ತಿಯಾಗಿ ಕೆಲವು ವರುಷಗಳಾದ ಮೇಲೆ ಅವರು ರಾತ್ರಿ ಮೂರು ನಾಲ್ಕು ಸಾರಿ ಏಳತೊಡಗಿದರು. ಹಿತ್ತಲ ಬಾಗಿಲ ಅಗುಳಿಯ ಸಪ್ಪಳದಿಂದ ನಮ್ಮ ತಾಯಿಯವರಿಗೆ ಅದು ಗೊತ್ತಾಗುತ್ತಿತ್ತು. ಕೇಳಿದರೆ, "ವಯಸ್ಸಾಯಿತು" ಎಂಬ ಒಂದೇ ಉತ್ತರ. ಕ್ರಮೇಣ ದೂರದ ಬಸ್ ಪ್ರಯಾಣವನ್ನು ಬಿಟ್ಟರು. ನೆಂಟರ ಮದುವೆಗಳಿಗೆ ಹೋಗುವುದನ್ನೂ ಬಿಟ್ಟರು. ಮಕ್ಕಳಾದ ನಾವು ಅದನ್ನು ವೈರಾಗ್ಯವೆಂದು ಭಾವಿಸಿ ಗೌರವಿಸಿದೆವು! ಆ ಮೇಲೆ ಬೆನ್ನು ನೋವು ಕಾಣಿಸಿತು. ಅಕ್ಕಿಯ ಮೂಟೆ ಎತ್ತಿದ್ದರಿಂದ ಉಳುಕಿರಬೇಕೆಂದು ತಾಯಿಯವರು ಆರು ತಿಂಗಳು ಎಣ್ಣೆ ತಿಕ್ಕಿದರು. 2014ರ ಮಳೆಗಾಲದಲ್ಲಿ, ಅವರ 71ನೆಯ ವಯಸ್ಸಿನಲ್ಲಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ, ಅಂದರೆ ಕ್ಯಾನ್ಸರ್, ಬೆನ್ನೆಲುಬಿಗೆ ಹಬ್ಬಿದೆಯೆಂದು ತಿಳಿದುಬಂತು.

ಆ ಸಾಯಂಕಾಲ ನಾವು ಅವರನ್ನು, "ಇಷ್ಟು ದಿನ ಯಾಕೆ ಹೇಳಲಿಲ್ಲ ಅಪ್ಪಾ?" ಎಂದು ಕೇಳಿದೆವು. ಅವರು ಗೋಡೆಯ ಕಡೆಗೆ ಮುಖ ಮಾಡಿ, "ಇದು ಹೆಣ್ಣು ಮಕ್ಕಳ ಮುಂದೆ ಹೇಳುವ ಮಾತೇನವ್ವಾ?" ಎಂದರು. ಆ ಹೊತ್ತಿಗೆ ನಾವು ಹದಿನಾಲ್ಕು ವರುಷಗಳಿಂದ ಶರೀರ ವಿಜ್ಞಾನದ ಪಾಠ ಹೇಳುತ್ತಿದ್ದವರು. ಪರರ ಮಕ್ಕಳಿಗೆ ಆರೋಗ್ಯದ ನಿಯಮಗಳನ್ನು ಬಾಯಿಪಾಠ ಮಾಡಿಸಿದ ನಮಗೆ, ನಮ್ಮ ಮನೆಯ ಹಿತ್ತಲ ಬಾಗಿಲು ರಾತ್ರಿಯೆಲ್ಲ ಯಾಕೆ ತೆರೆಯುತ್ತದೆಂದು ಕೇಳಬೇಕೆಂದು ತೋಚಲಿಲ್ಲ. ತಪ್ಪು ಅವರ ಸಂಕೋಚದ್ದು ಮಾತ್ರವಲ್ಲ, ನಮ್ಮದೂ ಹೌದು.

ಈ ಗ್ರಂಥಿಯು ಅಕ್ರೋಟದ ಕಾಯಿಯಷ್ಟು ದೊಡ್ಡದು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ. ವಯಸ್ಸಾದಂತೆ ಇದು ದಪ್ಪವಾಗುವುದು ಸಹಜ. ರಾತ್ರಿ ಏಳುವವರಲ್ಲಿ ಅನೇಕರಿಗೆ ಕಾರಣ ಇದೇ ಹೊರತು ಅರ್ಬುದವಲ್ಲ; ಆದುದರಿಂದ ಯಾರೂ ಗಾಬರಿಪಡಬೇಕಾಗಿಲ್ಲ. ಆದರೆ ಅರ್ಬುದವು ಮೊದಲ ಹಂತದಲ್ಲಿ ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರಿಸದು. ಆ ಹಂತದಲ್ಲಿ ಅದರ ಸುಳಿವನ್ನು ಕೊಡಬಲ್ಲದ್ದು ಪಿ.ಎಸ್.ಎ. ಎಂಬ ರಕ್ತಪರೀಕ್ಷೆ. ಗ್ರಂಥಿಯಲ್ಲಿ ಹುಟ್ಟುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆಯೆಂದು ಅದು ಅಳೆಯುತ್ತದೆ. ಗ್ರಂಥಿ ದಪ್ಪವಾದರೂ ಅದಕ್ಕೆ ಸೋಂಕು ತಗಲಿದರೂ ಆ ಅಂಕಿ ಏರುವುದುಂಟು. ಹಾಗಾಗಿ ಅಂಕಿ ಏರಿತೆಂದ ಮಾತ್ರಕ್ಕೆ ರೋಗ ನಿಶ್ಚಯವಾಗದು. ಮುಂದೆ ಸ್ಕ್ಯಾನಿಂಗ್, ಬೇಕಾದರೆ ಬಯಾಪ್ಸಿ ಮಾಡಿ ನಿರ್ಣಯಿಸುತ್ತಾರೆ.

ತಂದೆಯವರು ಆ ಮೇಲೆ ನಾಲ್ಕು ವರುಷ ಬದುಕಿದರು. ಈ ಅರ್ಬುದವು ಪುರುಷ ಹಾರ್ಮೋನಿನ ಪೋಷಣೆಯಿಂದ ಬೆಳೆಯುವಂಥದು ಎಂದು ಅಮೆರಿಕದಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನ ಪಡೆದರು. ನಮ್ಮ ಮನೆಗೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಇಂಜೆಕ್ಷನ್ನು ಆ ಜ್ಞಾನದ ಫಲವೇ. ಅದು ರೋಗವನ್ನು ತಡೆದು ನಿಲ್ಲಿಸಿತು. ಬೇರುಸಹಿತ ಕೀಳಲಾರದೆ ಹೋಯಿತು. ಸುಸ್ತು, ಹಠಾತ್ತನೆ ಮೈ ಬಿಸಿಯಾಗಿ ಬೆವರುವುದು, ಮನಸ್ಸಿನ ಕುಗ್ಗು, ಇವೆಲ್ಲ ಅದರ ಜೊತೆಗೆ ಬಂದವು. ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಆಗುವ ತೊಂದರೆಗಳನ್ನೇ ಹೋಲುವ ಇವುಗಳನ್ನು ಮನೆಯಲ್ಲಿ ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡವರು ನಮ್ಮ ತಾಯಿಯವರು. ಅವರು ರಾತ್ರಿ ಬೀಸಣಿಗೆ ಹಿಡಿದು ಕುಳಿತಿರುತ್ತಿದ್ದರು. ನಲವತ್ತೆಂಟು ವರುಷಗಳ ದಾಂಪತ್ಯದಲ್ಲಿ ಆಡದ ಮಾತುಗಳನ್ನು ಆ ಇಬ್ಬರೂ ಆ ನಾಲ್ಕು ವರುಷಗಳಲ್ಲಿ ಆಡಿದರು. 2018ರಲ್ಲಿ ತಂದೆಯವರು ತೀರಿಕೊಂಡರು.

ಹೋಗುವ ಮುಂಚೆ ಅವರೇ ನಮ್ಮ ಹಿರಿಯಣ್ಣನನ್ನು ಕರೆದು, "ನೀನು ರಕ್ತ ತೋರಿಸಿಕೋ" ಎಂದಿದ್ದರು. ತಂದೆಗೋ ಒಡಹುಟ್ಟಿದವನಿಗೋ ಈ ರೋಗವಿದ್ದರೆ ಗಂಡಸಿಗೆ ಅಪಾಯ ಸುಮಾರು ಇಮ್ಮಡಿ. ಅಣ್ಣನಿಗೆ ಆಗ 52 ವರುಷ. ಯಾವ ತೊಂದರೆಯೂ ಇರಲಿಲ್ಲ. ಆದರೂ ಪರೀಕ್ಷೆಯಲ್ಲಿ ಸಣ್ಣದಾದ, ನಿಧಾನವಾಗಿ ಬೆಳೆಯುವ ಅರ್ಬುದ ಸಿಕ್ಕಿತು. ವೈದ್ಯರು ಕತ್ತರಿ ಹಾಕಲಿಲ್ಲ. ಕಾಲಕಾಲಕ್ಕೆ ಪರೀಕ್ಷಿಸುತ್ತ ಕಾದು ನೋಡೋಣ ಎಂದರು. ಇಂದಿಗೂ ಅವನು ಶಸ್ತ್ರಕ್ರಿಯೆಯಿಲ್ಲದೆ ತನ್ನ ಹೊಲ ನೋಡಿಕೊಂಡು ಆರೋಗ್ಯವಾಗಿದ್ದಾನೆ. ಹೀಗೆ ಕಾಯುವುದು ಅಲಕ್ಷ್ಯವಲ್ಲ. ಬ್ರಿಟನ್ನಿನಲ್ಲಿ ಮೊದಲ ಹಂತದ ರೋಗವಿದ್ದ 1,643 ಗಂಡಸರನ್ನು ಶಸ್ತ್ರಕ್ರಿಯೆ, ವಿಕಿರಣ, ಕಾದು ನೋಡುವುದು ಎಂಬ ಮೂರು ಪಂಗಡಗಳಾಗಿ ಮಾಡಿ ಅನುಸರಿಸಿದರು. ಹದಿನೈದು ವರುಷಗಳ ಫಲ 2023ರಲ್ಲಿ ಪ್ರಕಟವಾದಾಗ, ಮೂರರಲ್ಲಿಯೂ ಈ ರೋಗದಿಂದ ಮಡಿದವರು ನೂರಕ್ಕೆ ಸುಮಾರು ಮೂವರು ಮಾತ್ರ.

ಪರೀಕ್ಷೆಯಿಂದ ಲಾಭವೇ ಹೊರತು ನಷ್ಟವಿಲ್ಲವೆಂದು ಹೇಳಿದರೆ ಸತ್ಯಕ್ಕೆ ಚ್ಯುತಿಯಾದೀತು. ಯೂರೋಪಿನ ಹಲವು ದೇಶಗಳ 1,62,000 ಗಂಡಸರನ್ನು 23 ವರುಷ ಅನುಸರಿಸಿದ ಸಂಶೋಧನೆಯ ಫಲ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆದವರಲ್ಲಿ ಈ ರೋಗದ ಸಾವು ನೂರಕ್ಕೆ 13ರಷ್ಟು ಕಡಿಮೆ. 456 ಮಂದಿಯನ್ನು ಕರೆದರೆ ಒಂದು ಪ್ರಾಣ ಉಳಿಯುತ್ತದೆ. ಆ ಒಬ್ಬನ ಮನೆಯವರಿಗೆ ಇದು ಸಣ್ಣ ಸಂಖ್ಯೆಯಲ್ಲ. ಆದರೆ ಎಂದೂ ಬಾಧಿಸದೆ ಇರಬಹುದಾದ ರೋಗವನ್ನು ಹಿಡಿದು, ಅವಸರದ ಶಸ್ತ್ರಕ್ರಿಯೆಯಿಂದ ಮೂತ್ರದ ಹಿಡಿತ ತಪ್ಪಿ ನೊಂದವರೂ ಇದ್ದಾರೆ. ಎಪ್ಪತ್ತು ದಾಟಿದವರಿಗೆ, ಲಕ್ಷಣಗಳಿಲ್ಲದಿದ್ದರೆ, ಸಾಮಾನ್ಯವಾಗಿ ಈ ತಪಾಸಣೆ ಬೇಡವೆನ್ನುತ್ತಾರೆ. ಆದಕಾರಣ ಸುಮಾರು 50ರ ವಯಸ್ಸಿನಲ್ಲಿ, ಮನೆತನದಲ್ಲಿ ರೋಗವಿದ್ದರೆ 45ರಲ್ಲಿಯೇ, ವೈದ್ಯರೊಡನೆ ಕುಳಿತು ಲಾಭನಷ್ಟಗಳನ್ನು ತೂಗಿ ನೋಡುವುದು ವಿವೇಕ.

ಇನ್ನು ಹೆಣ್ಣು ಮಕ್ಕಳಿಗೆ ಇದರಲ್ಲಿ ಏನು ಕೆಲಸವೆಂದು ಕೇಳುವಿರಾ? ಬಿ.ಆರ್.ಸಿ.ಎ. 2 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಗಂಡಸರಿಗೆ ಪ್ರಾಸ್ಟೇಟಿನ ಅರ್ಬುದವೂ ಹೆಂಗಸರಿಗೆ ಸ್ತನದ ಮತ್ತು ಅಂಡಾಶಯದ ಅರ್ಬುದವೂ ಬರುವ ಸಂಭವ ಹೆಚ್ಚು. ಆ ದೋಷ ತಂದೆಯಿಂದ ಮಗಳಿಗೂ ಬರಬಲ್ಲದು. ತಂದೆಯ ಕಾಯಿಲೆಯನ್ನು ಮಗಳಿಂದ ಮುಚ್ಚಿಟ್ಟರೆ, ಅವಳು ತನ್ನ ವಿಷಯದಲ್ಲಿ ಎಚ್ಚರವಾಗಿರುವ ಅವಕಾಶವನ್ನೂ ಕಸಿದುಕೊಂಡಂತೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಗೃಹಿಣಿಯರು, ಉಪಾಧ್ಯಾಯಿನಿಯರು, ದಾದಿಯರು. ಹಬ್ಬಕ್ಕೋ ರಜೆಗೋ ತವರಿಗೆ ಹೋದಾಗ ತಂದೆಯವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ರಾತ್ರಿ ಎಷ್ಟು ಸಾರಿ ಏಳುತ್ತಾರೆ, ಬೆನ್ನು ನೋಯುತ್ತದೆಯೇ, ನಮ್ಮ ಮನೆತನದಲ್ಲಿ ಹಿಂದೆ ಯಾರಿಗೆ ಯಾವ ರೋಗವಿತ್ತು ಎಂದು ಮೆಲ್ಲಗೆ ವಿಚಾರಿಸಿರಿ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರೆ ಬೇಸರಪಡದೆ ಇನ್ನೊಂದು ದಿನ ಮತ್ತೆ ಕೇಳಿರಿ. ತಂದೆಯರಾದ ಪೋಷಕರಲ್ಲಿ ನಮ್ಮ ವಿನಂತಿ ಒಂದೇ: ಮಗಳು ಕೇಳಿದಾಗ ಉತ್ತರ ಕೊಡಿರಿ. ಅವಳನ್ನು ಓದಿಸಿದ್ದು ಇಂಥ ಮಾತುಗಳನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಲಿ ಎಂದೇ ಅಲ್ಲವೇ?