ಜೂನ್ 15ರ ಫೋನು

ಲೆಕ್ಕದ ಪುಸ್ತಕದಲ್ಲಿ ‘ಒಂದು ಸಂಖ್ಯೆಯನ್ನು ಕ್ಷ ಎಂದಿಟ್ಟುಕೊಳ್ಳಿ’ ಎಂದು ಶುರುವಾಗುತ್ತದಲ್ಲ, ಹಾಗೆಯೇ ಇಲ್ಲಿ ಒಂದು ಮನೆಯನ್ನು ಇಟ್ಟುಕೊಳ್ಳಿ. ಅಮೆರಿಕದ ಒಹಾಯೊ ರಾಜ್ಯದ ಒಂದು ಸಣ್ಣ ಊರು. ಅಪ್ಪನಿಗೆ ಲಾರಿ ರಿಪೇರಿ ಕೆಲಸ, ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಮಗಳಿಗೆ ಹದಿನಾರು ವರ್ಷ. ಗಾಲ್ಫ್ ಆಡುತ್ತಾಳೆ. 2023ರ ಜೂನ್ 14ರ ರಾತ್ರಿ ಊಟ ಮುಗಿದರೂ ಮೂವರೂ ಮೇಜು ಬಿಟ್ಟು ಏಳಲಿಲ್ಲ. ಮಧ್ಯದಲ್ಲಿ ಮಗಳ ಫೋನು. ಗಡಿಯಾರ ಹನ್ನೆರಡು ತೋರಿಸಿತು. ಹನ್ನೆರಡೂವರೆಯಾಯಿತು. ಫೋನು ಮಿಸುಕಲಿಲ್ಲ. ಒಂದು ಗಂಟೆಗೆ ಅಮ್ಮ ಎದ್ದು ದೀಪ ಆರಿಸಿದಳು. ಕತ್ತಲಲ್ಲಿ ಮಗಳು ಮೂಗು ಒರೆಸಿಕೊಂಡ ಸದ್ದು ಅಪ್ಪನಿಗೆ ಕೇಳಿಸಿತು.

ಅಂದು ಫೋನು ಬರಬೇಕೆಂದು ಕಾದದ್ದಕ್ಕೆ ಕಾರಣವಿತ್ತು. ಆ ದೇಶದಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಎಂಬ ಸಂಸ್ಥೆ 1906ರಿಂದ ಇದೆ. ಅದರಲ್ಲಿ ಮೂರು ದರ್ಜೆಗಳು. ಮೊದಲ ದರ್ಜೆಯ ವಿಶ್ವವಿದ್ಯಾಲಯದ ಗಾಲ್ಫ್ ಕೋಚುಗಳು, ಹುಡುಗಿ ಹತ್ತನೆಯ ತರಗತಿ ಮುಗಿಸಿದ ಮೇಲಿನ ಜೂನ್ 15ರವರೆಗೆ ಅವಳೊಡನೆ ಸೇರ್ಪಡೆಯ ಮಾತೆತ್ತುವಂತಿಲ್ಲ. ಮೊದಲು ಇಂಥ ಕಟ್ಟುನಿಟ್ಟು ಇರಲಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೂ ಬಾಯಿಮಾತಿನಲ್ಲಿ ಸೀಟು ಕೊಡುವ ಪೈಪೋಟಿ ಹೆಚ್ಚಿದಾಗ 2019ರಲ್ಲಿ ಈ ನಿಯಮ ಬಂತು. ಆದ್ದರಿಂದ ಜೂನ್ 15 ಆಟವಾಡುವ ಮಕ್ಕಳ ಮನೆಗಳಲ್ಲಿ ಫಲಿತಾಂಶದ ದಿನದಂತೆ. ಕೆಲವರಿಗೆ ಮಧ್ಯರಾತ್ರಿಯೇ ಸಂದೇಶಗಳು ಬರುತ್ತವೆ. ಬಹಳ ಜನಕ್ಕೆ ಬರುವುದಿಲ್ಲ.

ಮರುದಿನ ಅಪ್ಪ ನೇರವಾಗಿ ಹೋದದ್ದು ಮೇಷ್ಟ್ರ ಮನೆಗೆ. ಅಲ್ಲಿನ ಪ್ರೌಢಶಾಲೆಗಳಲ್ಲಿ ಪಾಠ ಹೇಳುವವರೇ ತಂಡಗಳನ್ನೂ ನೋಡಿಕೊಳ್ಳುವುದು ಸಾಮಾನ್ಯ. ಈ ಮೇಷ್ಟ್ರು ಹಗಲು ರಸಾಯನಶಾಸ್ತ್ರ ಕಲಿಸಿ ಸಂಜೆ ಹುಡುಗಿಯರಿಗೆ ಗಾಲ್ಫ್ ಆಡಿಸುತ್ತಿದ್ದರು. ಅಪ್ಪ ಒಂದು ಬಣ್ಣದ ಕಾಗದ ತೋರಿಸಿದ. ಹಣ ಕೊಟ್ಟರೆ ಕೋಚುಗಳಿಗೆ ಮಗಳ ವಿವರವನ್ನೆಲ್ಲ ತಾವೇ ಕಳಿಸುತ್ತೇವೆ ಎನ್ನುವ ಸೇವೆಯೊಂದರ ಜಾಹೀರಾತು ಅದು. ಹೆಣ್ಣುಮಕ್ಕಳ ಗಾಲ್ಫ್ ವಿದ್ಯಾರ್ಥಿವೇತನಗಳು ಕೇಳುವವರಿಲ್ಲದೆ ಬಿದ್ದಿವೆ ಎಂದೂ ಅದರಲ್ಲಿತ್ತು.

ಮೇಷ್ಟ್ರು ಕಾಗದವನ್ನು ಮಡಚಿ ಹಿಂದಕ್ಕೆ ಕೊಟ್ಟರು. “ಬಿದ್ದಿದ್ದರೆ ನಾವೇ ಹೆಕ್ಕಿಕೊಳ್ಳೋಣ. ಮೊದಲು ಅವಳ ಅಂಕಪಟ್ಟಿ ತನ್ನಿ” ಎಂದರು. ಅಪ್ಪ ಆಟದ ಪಟ್ಟಿ ತಂದ. “ಇದಲ್ಲ, ಶಾಲೆಯದು” ಎಂದರು. ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹುಡುಗಿಯನ್ನು ಕರೆಸಿ ಕೂರಿಸಿಕೊಂಡರು.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಹದಿನೆಂಟು ಕುಳಿಗಳು. ಸಾಮಾನ್ಯವಾಗಿ 72 ಹೊಡೆತಗಳಲ್ಲಿ ಮುಗಿಸಬೇಕು. ಕ್ರಿಕೆಟ್ಟಿಗೆ ವಿರುದ್ಧವಾಗಿ, ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಹುಡುಗಿಯ ಪಟ್ಟಿಯಲ್ಲಿ 76, 75, 77 ಎಂದೆಲ್ಲ ಇತ್ತು. ಅಪ್ಪನಿಗೆ ಅದರ ಮೇಲೆ ಬಹಳ ಭರವಸೆ. ಮೇಷ್ಟ್ರು ಕೇಳಿದರು: “ಪರೀಕ್ಷೆಯಲ್ಲಿ 76 ಬಂತು ಅಂದರೆ ಏನು ಕೇಳುತ್ತೀಯ?” ಹುಡುಗಿ ಹೇಳಿದಳು: “ಎಷ್ಟಕ್ಕೆ ಅಂತ.”

ಅಲ್ಲೇ ಇತ್ತು ಉತ್ತರ. ಮೈದಾನಗಳೆಲ್ಲ ಒಂದೇ ಅಲ್ಲ. ಊರಿನ ಪುರಸಭೆಯ ಮೈದಾನ 5,200 ಗಜ ಎಂದಿಟ್ಟುಕೊಳ್ಳಿ. ಕಾಲೇಜು ಹುಡುಗಿಯರು ಆಡುವುದು 6,000 ಗಜದ ಆಸುಪಾಸಿನಲ್ಲಿ. ನುರಿತ ಆಟಗಾರ್ತಿಗೆ ಆ ಮೈದಾನದಲ್ಲಿ ಎಷ್ಟು ಹೊಡೆತ ಬೇಕಾದೀತು ಎಂಬುದಕ್ಕೂ ಒಂದು ಸಂಖ್ಯೆ ಇದೆ, ಅದೇ ಕೋರ್ಸ್ ರೇಟಿಂಗ್. ಸಣ್ಣ ಮೈದಾನದ್ದು 70, ದೊಡ್ಡದ್ದು 74 ಇದ್ದರೆ, ಸಣ್ಣದರಲ್ಲಿ 76 ಆಡಿದವಳು ಆರು ಹೆಚ್ಚು. ದೊಡ್ಡದರಲ್ಲಿ 78 ಆಡಿದವಳು ನಾಲ್ಕೇ ಹೆಚ್ಚು. ಆಗ 78 ಮೇಲು, 76 ಕೀಳು. ಕೋಚುಗಳಿಗೆ ಇದು ಕರತಲಾಮಲಕ. ಬರೀ ಸಂಖ್ಯೆ ಬರೆದು ಕಳಿಸಿದ ಪತ್ರವನ್ನು ಅವರು ಪಕ್ಕಕ್ಕಿಡುತ್ತಾರೆ.

ಮೇಷ್ಟ್ರು ಇನ್ನೊಂದು ಲೆಕ್ಕ ಹಾಕಿ ತೋರಿಸಿದರು. ಕಾಲೇಜಿನಲ್ಲಿ ತಂಡಕ್ಕೆ ಐವರು ಆಡುತ್ತಾರೆ, ನಾಲ್ವರದ್ದು ಮಾತ್ರ ಲೆಕ್ಕಕ್ಕೆ. 72, 74, 75, 77, 84 ಬಂದರೆ 84 ಬಿಟ್ಟು ತಂಡದ ಮೊತ್ತ 298. “ಒಂದು 84 ಬಿಡಬಹುದು. ಅದೇ ದಿನ ಇನ್ನೊಬ್ಬಳೂ 84 ಆಡಿದರೆ ಬಿಡಲಾಗದು. ಅದಕ್ಕೇ ಕೋಚು ನಿನ್ನ ಅತ್ಯುತ್ತಮ ದಿನವನ್ನು ನೋಡುವುದಿಲ್ಲ, ಕೆಟ್ಟ ದಿನವನ್ನು ನೋಡುತ್ತಾರೆ” ಎಂದರು.

ಆ ಬೇಸಗೆಯಲ್ಲಿ ಹುಡುಗಿ ನಲವತ್ತು ಪತ್ರ ಬರೆದಳು. ಅಪ್ಪನೂ ಅಲ್ಲ, ಮೇಷ್ಟ್ರೂ ಅಲ್ಲ, ಅವಳೇ. ಅದು ಮೇಷ್ಟ್ರ ಮೊದಲ ಷರತ್ತು. ತಂದೆಯ ಪತ್ರ ನೋಡಿದರೆ, ಈ ಹುಡುಗಿ ನಾಳೆ ಮನೆಯಿಂದ ದೂರವಿದ್ದು ತನ್ನ ಕೆಲಸ ತಾನು ಮಾಡಿಕೊಂಡಾಳೇ ಎಂಬ ಅನುಮಾನ ಕೋಚಿಗೆ ಬರುತ್ತದೆ. ಪತ್ರ ಚಿಕ್ಕದಾಗಿರಬೇಕು, ಹೆಸರು, ಶಾಲೆ, ಯಾವ ವರ್ಷ ಮುಗಿಸುತ್ತಾಳೆ, ಓದಿನ ಅಂಕ, ಆಡಿದ ಪಂದ್ಯಗಳು, ಪ್ರತಿಯೊಂದರ ಮುಂದೆ ಗಜ ಮತ್ತು ರೇಟಿಂಗ್, ಮುಂದೆ ಎಲ್ಲೆಲ್ಲಿ ಆಡುತ್ತಾಳೆ, ಹೊಡೆತದ ಒಂದೆರಡು ನಿಮಿಷದ ವಿಡಿಯೋ. ಆ ಕಾಲೇಜೇ ಏಕೆ ಎಂಬುದಕ್ಕೆ ನಿಜವಾದ ಒಂದು ವಾಕ್ಯ. ನಲವತ್ತರಲ್ಲಿ ಹತ್ತು ಮೊದಲ ದರ್ಜೆಯವು, ಉಳಿದವು ಎರಡನೆಯ ಮತ್ತು ಮೂರನೆಯ ದರ್ಜೆಯವು. ಹನ್ನೊಂದು ಉತ್ತರ ಬಂದವು. ಎಲ್ಲದರಲ್ಲೂ ಒಂದೇ ಸಾರ: ನೀನು ಆಡುವುದನ್ನು ನೋಡುತ್ತೇವೆ.

ನೋಡಲು ಬಂದ ಮೊದಲ ದಿನವೇ ಎಡವಟ್ಟಾಯಿತು. ಜುಲೈ ಪಂದ್ಯ, ಹದಿನಾಲ್ಕನೆಯ ಕುಳಿ. ಚೆಂಡು ನೀರಿಗೆ ಬಿತ್ತು. ಹಗ್ಗದಾಚೆ ನಿಂತಿದ್ದ ಅಪ್ಪ ಎರಡೂ ಕೈ ಮೇಲೆತ್ತಿ ತಲೆ ಚಚ್ಚಿಕೊಂಡ. ಮಗಳು ಚೆಂಡು ಬಿದ್ದ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು. ಮುಂದಿನ ಮೂರು ಕುಳಿಗಳಲ್ಲಿ ಐದು ಹೊಡೆತ ಹೆಚ್ಚಿಗೆ ಹೋಯಿತು. ಮರದ ನೆರಳಲ್ಲಿ ನಿಂತಿದ್ದ ಒಬ್ಬ ಕೋಚು ಪುಸ್ತಕದಲ್ಲಿ ಏನೋ ಗೀಚಿ ಬೇರೆ ಗುಂಪಿನ ಕಡೆ ನಡೆದಳು. ನೀರಿಗೆ ಬಿದ್ದ ಚೆಂಡನ್ನಲ್ಲ, ಆಮೇಲಿನದನ್ನು ಅವಳು ನೋಡಿದ್ದಳು.

ಮನೆಗೆ ಬರುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಮಾತ್ರ ಅಪ್ಪನಿಗೆ ಮರುದಿನ ಹೇಳಿದರು: “ಪ್ರಯೋಗ ನಡೆಯುವಾಗ ಪಾತ್ರೆಯನ್ನು ಅಲ್ಲಾಡಿಸಬಾರದು. ನಿಮಗೆ ನೋಡಲೇಬೇಕಿದ್ದರೆ ದೂರ ನಿಂತು ನೋಡಿ.” ಮುಂದಿನ ಪಂದ್ಯದಿಂದ ಅಪ್ಪ ಒಂದು ಕುಳಿಯಷ್ಟು ಹಿಂದೆ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಡೆದ. ಲಾರಿಯ ಎಂಜಿನ್ನು ಬಿಚ್ಚಿ ಜೋಡಿಸುವುದಕ್ಕಿಂತ ಅದು ಕಷ್ಟವಾಯಿತು ಎಂದು ಹೆಂಡತಿಯ ಬಳಿ ಹೇಳಿಕೊಂಡ.

ಒಹಾಯೊದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಹಿಮ. ಫ್ಲಾರಿಡಾದ ಹುಡುಗಿಯರು ವರ್ಷವಿಡೀ ಆಡುವಾಗ ಇವಳು ಕಾರು ಶೆಡ್ಡಿನಲ್ಲಿ ಬಲೆ ಕಟ್ಟಿ ಹೊಡೆಯುತ್ತಿದ್ದಳು, ಜಮಖಾನೆಯ ಮೇಲೆ ಚೆಂಡು ಉರುಳಿಸುತ್ತಿದ್ದಳು. ಸಮಯ ಸಾಲದು ಎಂದು ಅಪ್ಪನಿಗೆ ಒಂದು ಯೋಚನೆ ಬಂತು: ಹನ್ನೊಂದನೆಯ ತರಗತಿಯಲ್ಲಿ ರಸಾಯನಶಾಸ್ತ್ರ ಬಿಟ್ಟು ಸುಲಭದ ವಿಷಯ ತೆಗೆದುಕೊಂಡರೆ ಹೇಗೆ? ಮೇಷ್ಟ್ರು ಒಪ್ಪಲಿಲ್ಲ. ತಮ್ಮ ವಿಷಯದ ಮೇಲಿನ ಮೋಹದಿಂದಲ್ಲ. ಮೊದಲ ದರ್ಜೆಯಲ್ಲಿ ಆಡಲು ಪ್ರೌಢಶಾಲೆಯ ನಾಲ್ಕು ವರ್ಷಗಳಲ್ಲಿ ನಿಗದಿಯಾದ 16 ವಿಷಯಗಳನ್ನು ಮುಗಿಸಿ, ನಾಲ್ಕರ ಮಾಪನದಲ್ಲಿ ಸರಾಸರಿ 2.3 ಇರಬೇಕು. ಅದು ಬಾಗಿಲಿನ ಹೊಸ್ತಿಲು ಅಷ್ಟೇ. “ಆಟದ ದುಡ್ಡು ಸಿಗಬಹುದು, ಸಿಗದೇ ಇರಬಹುದು. ಅಂಕದ ದುಡ್ಡನ್ನು ಬಿಡಬೇಡಿ” ಎಂದರು.

ದುಡ್ಡಿನ ಕತೆಯೂ ಹೇಳುವಂಥದ್ದೇ. 1972ರಲ್ಲಿ ‘ಟೈಟಲ್ ನೈನ್’ ಕಾನೂನು ಬರುವವರೆಗೆ ಅಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಹುಡುಗಿಯರ ಆಟಕ್ಕೆ ಹೇಳುವವರು ಕೇಳುವವರು ಕಡಿಮೆ. ಮುಂದೆ ಲೋಕಪ್ರಸಿದ್ಧಳಾದ ನ್ಯಾನ್ಸಿ ಲೋಪೆಝ್ ನ್ಯೂ ಮೆಕ್ಸಿಕೊದ ರಾಸ್ವೆಲ್ ಊರಿನ ಶಾಲೆಯಲ್ಲಿ ಹುಡುಗರ ತಂಡದಲ್ಲಿ ಆಡಿದವಳು. ಆಮೇಲೆ ಟಲ್ಸಾ ವಿಶ್ವವಿದ್ಯಾಲಯದಲ್ಲಿ ಆಡಿ, 1978ರಲ್ಲಿ ವೃತ್ತಿಪರ ಪಂದ್ಯಗಳಲ್ಲಿ ಒಂಬತ್ತು ಪ್ರಶಸ್ತಿ ಗೆದ್ದಳು. ಸ್ವೀಡನ್ನಿನಿಂದ ಬಂದು ಅರಿಝೋನ ವಿಶ್ವವಿದ್ಯಾಲಯದಲ್ಲಿ ಆಡಿದ ಆನಿಕಾ ಸೊರೆನ್‌ಸ್ಟಾಮ್ 1991ರಲ್ಲಿ ಕಾಲೇಜು ಚಾಂಪಿಯನ್ ಆದಳು. ಇಂಥ ದಾರಿಯನ್ನು ಆ ಕಾನೂನು ಸಾವಿರಾರು ಹುಡುಗಿಯರಿಗೆ ಅಗಲ ಮಾಡಿಕೊಟ್ಟಿತು. ಆದರೂ ಮೊದಲ ದರ್ಜೆಯ ತಂಡವೊಂದಕ್ಕೆ ಬಹಳ ವರ್ಷ ಹೆಚ್ಚೆಂದರೆ ಆರು ಪೂರ್ಣ ವಿದ್ಯಾರ್ಥಿವೇತನ. ಅವನ್ನೇ ಎಂಟು ಹತ್ತು ಮಂದಿಗೆ ಹಂಚಬಹುದಿತ್ತು. ‘ವಿದ್ಯಾರ್ಥಿವೇತನ ಸಿಕ್ಕಿತು’ ಎಂದರೆ ಪೂರ್ತಿ ಸಿಕ್ಕಿತು ಎಂದಲ್ಲ.

2024ರ ಬೇಸಗೆಯಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯದ ಕೋಚು ಫೋನು ಮಾಡಿಯೇಬಿಟ್ಟರು. ತಂಡದಲ್ಲಿ ಜಾಗವಿದೆ, ಮೊದಲ ವರ್ಷ ಹಣವಿಲ್ಲ, ಮುಂದೆ ನೋಡೋಣ ಎಂದರು. ಹುಡುಗಿ ಒಪ್ಪಿದಳು. ಅಮ್ಮ ಕೇಕು ಮಾಡಿದಳು. ಅಪ್ಪ ಆ ವಿಶ್ವವಿದ್ಯಾಲಯದ ಟೋಪಿ ಕೊಂಡು ಕೆಲಸಕ್ಕೂ ಹಾಕಿಕೊಂಡು ಹೋದ. ಮೇಷ್ಟ್ರು ಸಂತೋಷಪಟ್ಟರು, ಜೊತೆಗೆ ಹುಡುಗಿಗೆ ಒಂದು ಪ್ರಶ್ನೆ ಕೇಳಿದರು. “ನಾಳೆ ನಿನ್ನ ಕೈ ಮುರಿದು ಆಟ ನಿಂತಿತು ಅಂತಿಟ್ಟುಕೋ. ಆಗಲೂ ಆ ಕಾಲೇಜಿನಲ್ಲಿ ಓದಬೇಕು ಅನ್ನಿಸುತ್ತಾ?” ಅವಳು ಉತ್ತರ ಹೇಳಲಿಲ್ಲ. “ಹಾಗಾದರೆ ಉಳಿದವರಿಗೆ ಪತ್ರ ಬರೆಯುವುದನ್ನು ನಿಲ್ಲಿಸಬೇಡ. ಬಾಯಿಮಾತು ಇಬ್ಬರನ್ನೂ ಕಟ್ಟಿಹಾಕುವುದಿಲ್ಲ” ಎಂದರು.

ಅಕ್ಟೋಬರಿನಲ್ಲಿ ಅದೇ ಕೋಚಿನಿಂದ ಮತ್ತೊಂದು ಫೋನು. ಕಾಲೇಜು ಆಟಗಾರರಿಗೆ ಹಣ ಕೊಡುವ ಕುರಿತ ದೊಡ್ಡ ಮೊಕದ್ದಮೆಯೊಂದು ರಾಜಿಯ ಹಂತಕ್ಕೆ ಬಂದಿತ್ತು. ರಾಜಿಗೆ ಸೇರುವ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿವೇತನದ ಮಿತಿ ಹೋಗುತ್ತದೆ. ಬದಲಿಗೆ ತಂಡದ ತಲೆಗೆ ಮಿತಿ ಬರುತ್ತದೆ, ಗಾಲ್ಫಿಗೆ ಒಂಬತ್ತು. ಈ ಹುಡುಗಿ ಅಲ್ಲಿ ಹತ್ತನೆಯವಳು. ಕೋಚು ನಾಲ್ಕು ಸಲ ಕ್ಷಮೆ ಕೇಳಿದರು. ಆ ತಿಂಗಳೇ, ಹಳೆಯ ಕಾಲದಿಂದ ಸಹಿ ಹಾಕಿಸುತ್ತಿದ್ದ ರಾಷ್ಟ್ರೀಯ ಒಪ್ಪಂದ ಪತ್ರದ ಪದ್ಧತಿಯೂ ರದ್ದಾಯಿತು. ಆ ವರ್ಷ ಅಮೆರಿಕದಲ್ಲಿ ಹೀಗೆ ಜಾಗ ಕಳೆದುಕೊಂಡವಳು ಇವಳೊಬ್ಬಳೇ ಅಲ್ಲ. ತಪ್ಪು ಅವಳದ್ದೂ ಅಲ್ಲ, ಕೋಚಿನದ್ದೂ ಅಲ್ಲ. ಹಾಗೆಂದು ತಿಳಿದರೆ ನೋವೇನೂ ಕಡಿಮೆಯಾಗುವುದಿಲ್ಲ. ಅಪ್ಪ ಟೋಪಿಯನ್ನು ಕಪಾಟಿನ ಮೇಲಕ್ಕೆ ಎಸೆದ.

ಎರಡು ದಿನ ಕಳೆದ ಮೇಲೆ ಹುಡುಗಿಯೇ ಮೇಷ್ಟ್ರ ಪ್ರಯೋಗಶಾಲೆಗೆ ಬಂದಳು. “ಕೈ ಮುರಿದರೂ ಓದಬೇಕು ಅನ್ನಿಸುವ ಕಾಲೇಜು ಒಂದಿದೆ” ಎಂದಳು. ಎರಡು ಗಂಟೆ ದಾರಿಯ ಸಣ್ಣ ಕಾಲೇಜು, ಮೂರನೆಯ ದರ್ಜೆ. ಅಲ್ಲಿನ ಕೋಚು ವರ್ಷದಿಂದ ಅವಳ ಪ್ರತಿಯೊಂದು ಪತ್ರಕ್ಕೂ ಉತ್ತರ ಬರೆದಿದ್ದರು. ಮೂರನೆಯ ದರ್ಜೆಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಆದರೆ ಓದಿನ ಅಂಕಕ್ಕೆ, ಮನೆಯ ಆದಾಯಕ್ಕೆ ತಕ್ಕಂತೆ ಕಾಲೇಜು ನೆರವು ಕೊಡಬಹುದು. ಫೆಬ್ರುವರಿಯಲ್ಲಿ ಬಂದ ಪತ್ರವನ್ನು ಅಮ್ಮ ಎರಡು ಸಲ ಕೂಡಿಸಿ ನೋಡಿದಳು. ರಸಾಯನಶಾಸ್ತ್ರವೂ ಸೇರಿ ಅಂಕಗಳು ತಂದ ನೆರವು, ದೊಡ್ಡ ವಿಶ್ವವಿದ್ಯಾಲಯದ ಟೋಪಿ ಎಂದೂ ತರದಷ್ಟಿತ್ತು. ತಂಡದಲ್ಲಿ ಏಳು ಹುಡುಗಿಯರು. ಐದನೆಯ ಜಾಗಕ್ಕೆ ಹೋರಾಡಬೇಕು.

ಇದು ಅಲ್ಲಿಯ ಕತೆ. ನಮ್ಮಲ್ಲೂ ಗಾಲ್ಫ್ ಕಲಿಯುವ ಹುಡುಗಿಯರಿದ್ದಾರೆ, ಅಮೆರಿಕದ ಕಾಲೇಜಿನ ಕನಸು ಕಾಣುವ ತಂದೆತಾಯಿಗಳೂ ಇದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ ಆ ದಾರಿ ಹಿಡಿಯದೆ 2016ರಲ್ಲಿ, ಹದಿನೇಳನೆಯ ವಯಸ್ಸಿನಲ್ಲೇ ವೃತ್ತಿಪರ ಆಟಗಾರ್ತಿಯಾದರು; 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಅದೂ ಒಂದು ದಾರಿ, ಆದರೆ ಎಲ್ಲರ ದಾರಿಯಲ್ಲ. ಕಾಲೇಜಿನ ದಾರಿ ಹಿಡಿಯುವವರು ಒಂಬತ್ತನೆಯ ತರಗತಿಯ ಅಂಕಪಟ್ಟಿಯಿಂದಲೇ ಎಲ್ಲವನ್ನೂ ಜೋಪಾನವಾಗಿಡಬೇಕು. ಪತ್ರವನ್ನು ಮಗಳೇ ಬರೆಯಬೇಕು. ಅಪ್ಪನ ಕೈ ಜೇಬಿನಲ್ಲಿರಬೇಕು.

2025ರ ಜೂನ್ 6ರಂದು ನ್ಯಾಯಾಲಯ ಆ ರಾಜಿಗೆ ಒಪ್ಪಿಗೆ ಕೊಟ್ಟಿತು. ಒಂದು ವಾರ ಕಳೆದು ಜೂನ್ 14ರ ರಾತ್ರಿ ಹುಡುಗಿ ಕಾಲೇಜಿಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ಶಾಲೆಯ ತಂಡದ ಇನ್ನೊಬ್ಬಳು, ಹತ್ತನೆಯ ತರಗತಿ ಮುಗಿಸಿದವಳು, ತನ್ನ ಮನೆಯ ಮೇಜಿನ ಮುಂದೆ ಕೂತಿರುತ್ತಾಳೆಂದು ಅವಳಿಗೆ ಗೊತ್ತಿತ್ತು. ಹನ್ನೆರಡು ಗಂಟೆಗೆ ಸರಿಯಾಗಿ ಆ ಮನೆಯಲ್ಲಿ ಫೋನು ಸದ್ದು ಮಾಡಿತು. ಕೋಚುಗಳದ್ದಲ್ಲ, ಇವಳದ್ದು. “ಬೇರೆ ಯಾರ ಫೋನೂ ಬರದಿದ್ದರೆ ಮಲಗಿಬಿಡು. ಬೆಳಿಗ್ಗೆ ನಮ್ಮ ಮನೆಗೆ ಬಾ, ಪತ್ರ ಬರೆಯೋಣ.”