ಸಬ್ಜಾ ಡಬ್ಬಿಯ ಪಕ್ಕದಲ್ಲಿ ಚಿಯಾ

ನಮ್ಮ ಮನೆಗೆ ಚಿಯಾ ಬೀಜ ಬಂದದ್ದು ದುಬೈಯಲ್ಲಿರುವ ಚಾಚಾನ ಸೂಟ್‌ಕೇಸಿನಲ್ಲಿ. ಖರ್ಜೂರ, ಬಾದಾಮಿಗಳ ನಡುವೆ ಒಂದು ಪ್ಯಾಕೆಟ್. ದಾದಿ ಅಂಗೈಗೆ ಸುರಿದುಕೊಂಡು ನೋಡಿ, “ಇದು ಸಬ್ಜಾ ಅಲ್ಲೇನು? ಇದನ್ನ ಅಲ್ಲಿಂದ ಹೊತ್ತು ತರಬೇಕಿತ್ತೇನು?” ಎಂದರು.

ಸಬ್ಜಾ ಅಲ್ಲ. ಎರಡೂ ತುಳಸಿಯ ಕುಟುಂಬದವೇ, ಆದರೆ ಗಿಡ ಬೇರೆ. ಇಫ್ತಾರ್ ಹೊತ್ತಿನ ಶರಬತ್ತಿನಲ್ಲಿ, ಫಲೂದದಲ್ಲಿ ತೇಲುವುದು ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ. ಅದು ಕಡುಕಪ್ಪು, ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ಬೂದು, ಕಂದು, ಬಿಳಿ ಚುಕ್ಕೆಗಳ ಬೀಜ. ಚೆನ್ನಾಗಿ ನೆನೆಯಲು ಅರ್ಧ ಗಂಟೆಯಾದರೂ ಬೇಕು. ಅದರ ತವರು ಮೆಕ್ಸಿಕೊ ಮತ್ತು ಗ್ವಾಟೆಮಾಲಾ. ಅಜ್ಟೆಕ್ ಜನರಿಗೆ ಅದು ಮೆಕ್ಕೆಜೋಳದಂತೆ ದಿನನಿತ್ಯದ ಆಹಾರವಾಗಿತ್ತು. ಈಗ ನಮ್ಮ ಮೈಸೂರು, ಚಾಮರಾಜನಗರದ ಹೊಲಗಳಲ್ಲೂ ಬೆಳೆಯುತ್ತಾರೆ. ಅದಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ಪ್ರೋತ್ಸಾಹವೂ ಇತ್ತು.

ದಾದಿಗೆ ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ಆಗಿತ್ತು. ಈಗ ನಡೆಯುತ್ತಾರೆ, ಬೈಯುತ್ತಾರೆ, ಎಲ್ಲ ಮೊದಲಿನಂತೆಯೇ. ಆದರೆ ನುಂಗುವುದು ಮಾತ್ರ ಕಷ್ಟ. ಮಲಬದ್ಧತೆಗೆ ಒಳ್ಳೆಯದು, ಒಂದು ಚಮಚ ಒಣ ಚಿಯಾ ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯಲಿ ಎಂದು ಯಾರೋ ಅಮ್ಮಿಗೆ ಹೇಳಿದ್ದರು. ನಾನು ಸೈನ್ಸ್ ಓದುತ್ತೇನೆಂದು ಅಮ್ಮಿ ನನ್ನನ್ನು ಕೇಳಿದರು. ಹುಡುಕಿದಾಗ 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಂದು ಪ್ರಕರಣ ಸಿಕ್ಕಿತು. ಮೊದಲೇ ನುಂಗುವ ತೊಂದರೆ ಇದ್ದ 39 ವರ್ಷದ ಒಬ್ಬರು ಹೀಗೇ ಒಣ ಬೀಜ ನುಂಗಿ ನೀರು ಕುಡಿದಿದ್ದರು. ಬೀಜ ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡು, ಎಂಡೋಸ್ಕೋಪಿ ಮಾಡಿ ತೆಗೆಯಬೇಕಾಯಿತು.

ಈ ಬೀಜದ ಹೊರಪದರದಲ್ಲಿ ಲೋಳೆಯಾಗುವ ನಾರಿದೆ. ತನ್ನ ತೂಕದ ಹತ್ತು ಪಟ್ಟಿನಷ್ಟು ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಬಾಯಲ್ಲಿ ಹೇಳಿದರೆ ದಾದಿ ನಂಬುವವರಲ್ಲ. ಅದಕ್ಕೆ ರಾತ್ರಿ ಒಂದು ಚಮಚ ಬೀಜಕ್ಕೆ ಎಂಟು ಚಮಚ ನೀರು ಹಾಕಿ ಲೋಟ ಮುಚ್ಚಿಟ್ಟೆ. ಬೆಳಿಗ್ಗೆ ಅವರೇ ಲೋಟ ಬಗ್ಗಿಸಿ ನೋಡಿದರು. ಗಟ್ಟಿಯಾದ ಲೋಳೆ, ಸುಲಭಕ್ಕೆ ಬೀಳಲಿಲ್ಲ. “ತೋಬಾ” ಎಂದು ಕೆಳಗಿಟ್ಟರು. ರಕ್ತ ತೆಳುವಾಗುವ ಮಾತ್ರೆಯನ್ನೂ ನುಂಗುತ್ತಿರುವುದರಿಂದ ವೈದ್ಯರನ್ನೂ ಕೇಳಿದೆವು. ಅವರು ದಾದಿಗೆ ಚಿಯಾ ಬೇಡವೆಂದರು.

ಇದನ್ನು ಬರೆಯಲು ಇನ್ನೊಂದು ಕಾರಣ ನಮ್ಮ ತರಗತಿಯಲ್ಲೇ ಇದೆ. ತೂಕ ಇಳಿಸಲು ಬೆಳಗಿನ ತಿಂಡಿ ಬಿಟ್ಟು ಬರೀ ಚಿಯಾ ನೀರು ಕುಡಿದು ಬರುವ ಗೆಳತಿಯರಿದ್ದಾರೆ. ಒಬ್ಬಳಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ತಲೆ ಸುತ್ತಿ ಬಂತು. ಎರಡು ಚಮಚ, ಅಂದರೆ ಸುಮಾರು 25 ಗ್ರಾಂ ಬೀಜದಲ್ಲಿ 120 ಕ್ಯಾಲೊರಿ, 4 ಗ್ರಾಂ ಪ್ರೋಟೀನ್, 8 ಗ್ರಾಂಗಿಂತ ಹೆಚ್ಚು ನಾರು ಇರುತ್ತದೆ. ನಾರಿನಿಂದ ಹೊಟ್ಟೆ ತುಂಬಿದಂತೆ ಅನ್ನಿಸುತ್ತದೆ ಅಷ್ಟೆ. ಕಬ್ಬಿಣಾಂಶ ಸುಮಾರು 2 ಮಿಲಿಗ್ರಾಂ. ಅದರಲ್ಲೂ ಬೀಜದ ಫೈಟಿಕ್ ಆಮ್ಲ ಬಿಟ್ಟುಕೊಡುವುದು ಸ್ವಲ್ಪವೇ. ನಮ್ಮ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ ಬೇಕಾಗಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಒಮ್ಮೆಲೇ ಜಾಸ್ತಿ ತಿಂದು ನೀರು ಕಡಿಮೆ ಕುಡಿದರೆ ಹೊಟ್ಟೆ ಉಬ್ಬರವೂ ಬರುತ್ತದೆ.

ಹಾಗಂತ ಚಿಯಾ ಕೆಟ್ಟದ್ದಲ್ಲ. 100 ಗ್ರಾಂನಲ್ಲಿ ಸುಮಾರು 630 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ಲೆಕ್ಕದಲ್ಲಿ ನಮ್ಮ ರಾಗಿಯನ್ನೂ ಮೀರಿಸುತ್ತದೆ (ರಾಗಿಯನ್ನು ತಟ್ಟೆ ತುಂಬ ತಿನ್ನಬಹುದು, ಅದು ಬೇರೆ ಮಾತು). ಒಮೆಗಾ-3 ಕೊಬ್ಬಂತೂ ಸುಮಾರು 17 ಗ್ರಾಂ. ಆದರೆ ಅದಕ್ಕಾಗಿಯೇ ಕೊಳ್ಳುವವರು ಅಗಸೆಯನ್ನು ಮರೆಯಬಾರದು. ನಮ್ಮ ಕಡೆ ಜೋಳದ ರೊಟ್ಟಿಯ ಜೊತೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಆ ಬೀಜದಲ್ಲಿ ಒಮೆಗಾ-3 ಇನ್ನೂ ಹೆಚ್ಚು, 100 ಗ್ರಾಂಗೆ 22 ಗ್ರಾಂನಷ್ಟು. ಬೆಲೆಯೂ ಕಡಿಮೆ. ಅಗಸೆಯನ್ನು ಪುಡಿ ಮಾಡಲೇಬೇಕು, ಇಲ್ಲದಿದ್ದರೆ ಇಡೀ ಬೀಜ ಹಾಗೆಯೇ ಹೊರಹೋಗುತ್ತದೆ. ಚಿಯಾಕ್ಕೆ ನೆನೆಸಿದರೆ ಸಾಕು. ಸೋಮಾರಿಗಳಿಗೆ ಅದೊಂದು ಲಾಭ.

ದಾದಿಯ ತಟ್ಟೆಯಿಂದ ದೂರ ಉಳಿದ ಚಿಯಾ ಈಗ ನಮ್ಮ ಅಡುಗೆಮನೆಯಲ್ಲಿ ಸಬ್ಜಾ ಡಬ್ಬಿಯ ಪಕ್ಕದಲ್ಲೇ ಇದೆ. ನಾನು ರಾತ್ರಿ ಹಾಲಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಬಾಳೆಹಣ್ಣು ಹಾಕಿ ತಿನ್ನುತ್ತೇನೆ, ಆಮೇಲೆ ರೊಟ್ಟಿಯನ್ನೂ ತಿನ್ನುತ್ತೇನೆ. ಅಮ್ಮಿ ಒಂದು ಚಮಚ ಚಿಯಾ ಪುಡಿಗೆ ಮೂರು ಚಮಚ ನೀರು ಬೆರೆಸಿ, ಒಂದು ಮೊಟ್ಟೆಯ ಬದಲು ಕೇಕಿಗೆ ಹಾಕುತ್ತಾರೆ. ಪಕ್ಕದ ಮನೆಯ ಆಂಟಿ ಮೊಟ್ಟೆ ತಿನ್ನುವುದಿಲ್ಲ. ಈ ಸಲದ ಈದ್‌ಗೆ ಅವರಿಗೂ ಒಂದು ಕೇಕ್ ಹೋಯಿತು.