ಅಪ್ಪನ ಪಂಪ್‌ಸೆಟ್, ನನ್ನ ಬೋರ್ಡ್, ಎರಡು ಪುಸ್ತಕ

ಕಳೆದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಒಂದು ಮಾತು ಕೊಟ್ಟುಬಿಟ್ಟೆ. ನಮ್ಮ ತೋಟಕ್ಕೆ ತ್ರೀ ಫೇಸ್ ಕರೆಂಟ್ ಬರೋದು ಹೆಚ್ಚಾಗಿ ರಾತ್ರಿ. ಹನ್ನೊಂದಕ್ಕೋ ಎರಡಕ್ಕೋ ಎದ್ದು, ಬ್ಯಾಟರಿ ಹಿಡಿದು ಹೋಗಿ ಮೋಟರ್ ಹಾಕಬೇಕು. ಅಪ್ಪನಿಗೆ ಮಂಡಿನೋವು ಬೇರೆ. "ಮಿಸ್ಡ್ ಕಾಲ್ ಕೊಟ್ರೆ ಮೋಟರ್ ಆನ್ ಆಗೋ ಹಾಗೆ ನಾನೇ ಮಾಡಿಕೊಡ್ತೀನಿ ಬಿಡಿ ಅಪ್ಪಾ" ಅಂದೆ. ಅಂಥದ್ದು ಅಂಗಡಿಯಲ್ಲೇ ಸಿಗುತ್ತೆ. ಆದರೆ ಮರುದಿನ ಬೆಳಿಗ್ಗೆಯೇ ಅಪ್ಪ ಹಾಲಿನ ಡೇರಿ ಮುಂದೆ "ನಮ್ ಹುಡುಗಿನೇ ಮಾಡ್ತಾಳಂತೆ" ಅಂತ ಎಲ್ಲರಿಗೂ ಹೇಳಿ ಆಗಿತ್ತು!

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಪಿಸಿಬಿ ವಿನ್ಯಾಸ ಯಾವತ್ತೂ ಮಾಡಿದವಳಲ್ಲ. ಒಳ್ಳೆ ಪುಸ್ತಕ ಇದ್ದರೆ ಆಗುತ್ತೆ ಅಂದುಕೊಂಡು, ಎಲ್ಲರೂ ಹೊಗಳುವ ಹೊವರ್ಡ್ ಜಾನ್ಸನ್ ಮತ್ತು ಮಾರ್ಟಿನ್ ಗ್ರಹಾಂ ಅವರ 'ಹೈ ಸ್ಪೀಡ್ ಡಿಜಿಟಲ್ ಡಿಸೈನ್' ತರಿಸಿದೆ. 1993ರ ಪುಸ್ತಕ, ಇಂದಿಗೂ ಎಂಜಿನಿಯರ್‌ಗಳ ಮೇಜಿನ ಮೇಲೆ ಇರುವಂಥದ್ದು. ಬೆಲೆ ನೋಡಿ ಅಮ್ಮನಿಗೆ ಹೇಳಲೇ ಇಲ್ಲ. ಮೊದಲ ಅಧ್ಯಾಯದಲ್ಲೇ ಸುಸ್ತಾದೆ. ಪುಸ್ತಕದಲ್ಲಿ ತಪ್ಪಿಲ್ಲ. ಅದು ನ್ಯಾನೋಸೆಕೆಂಡ್‌ಗಳ ಲೆಕ್ಕ ಹಾಕುತ್ತೆ, ನನ್ನ ಬೋರ್ಡ್‌ನಲ್ಲಿ ಇದ್ದದ್ದು ಒಂದು ರಿಲೇ, ಒಂದು ಜಿಎಸ್‌ಎಂ ಮಾಡ್ಯೂಲ್.

ಪುಸ್ತಕ ಮುಚ್ಚಿಟ್ಟು, ಉಚಿತವಾಗಿ ಸಿಗುವ ಕೈಕ್ಯಾಡ್ ಇನ್‌ಸ್ಟಾಲ್ ಮಾಡಿ, ವಿಡಿಯೋ ನೋಡ್ತಾ ಬೋರ್ಡ್ ಬರೆದೆ. ಬೆಂಗಳೂರಿನ ರೂಮಿನಲ್ಲಿ ಚೆನ್ನಾಗಿ ಓಡಿತು. ಊರಿಗೆ ತಗೊಂಡು ಹೋಗಿ, ಎಲೆಕ್ಟ್ರಿಷಿಯನ್ ಕೈಲಿ ಸ್ಟಾರ್ಟರ್‌ಗೆ ಕನೆಕ್ಷನ್ ಕೊಡಿಸಿದೆ. ಅಪ್ಪ ಇಬ್ಬರು ಸ್ನೇಹಿತರನ್ನೂ ಕರೆದುಕೊಂಡು ಬಂದಿದ್ದರು. ಮಿಸ್ಡ್ ಕಾಲ್ ಕೊಟ್ಟರು. ಮಾಡ್ಯೂಲ್ ಆಫ್ ಆಗಿ ಮತ್ತೆ ಆನ್ ಆಯ್ತು. ಮೋಟರ್ ಸುಮ್ಮನಿತ್ತು. ಹತ್ತು ಸಲವೂ ಅಷ್ಟೇ. "ಇರ್ಲಿ ಬಿಡಮ್ಮಾ, ನಿಧಾನಕ್ಕೆ ಮಾಡು" ಅಂತ ಅಪ್ಪ ಬ್ಯಾಟರಿ ತಗೊಂಡು ಹೊರಟರು. ಬೈದಿದ್ದರೆ ಎಷ್ಟೋ ಸಮಾಧಾನ ಇರುತ್ತಿತ್ತು.

ವಾಪಸ್ ಬಂದವಳು ಆ ದುಬಾರಿ ಪುಸ್ತಕ ಮಾರೋಣ ಅಂತ ಅವೆನ್ಯೂ ರಸ್ತೆಗೆ ಹೋದೆ. ಅಂಗಡಿಯವರು ಹೇಳಿದ ರೇಟಿಗೆ ಮನಸ್ಸು ಬರಲಿಲ್ಲ. ಅಲ್ಲೇ ರಾಶಿಯಲ್ಲಿ ಹಳದಿ ಹಾಳೆಯ ಇನ್ನೊಂದು ಪುಸ್ತಕ ಕಂಡಿತು: ವಾಲ್ಟರ್ ಬೊಸ್ಶಾರ್ಟ್ ಅವರ 'ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ಸ್', 1983. ಬರೆದದ್ದು ಎಲ್ಲಿ ಅಂತ ನೋಡಿದರೆ ನಮ್ಮ ಐಐಎಸ್‌ಸಿ! ಅಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡ್ ನೆರವಿನಿಂದ ಶುರುವಾದ ಸಿಇಡಿಟಿ ಕೇಂದ್ರದಲ್ಲಿ ಅವರು ಇದ್ದರು. ನೂರೈವತ್ತು ರೂಪಾಯಿಗೆ ತಂದೆ.

ತಾಮ್ರದ ಗೆರೆಗೂ ರೆಸಿಸ್ಟೆನ್ಸ್ ಇದೆ ಅನ್ನುವ ಭಾಗ ಓದುವಾಗ ಕೈಗೆ ಕ್ಯಾಲ್ಕುಲೇಟರ್ ಬಂತು. ಸಾಮಾನ್ಯ ಬೋರ್ಡ್‌ನಲ್ಲಿ ತಾಮ್ರದ ದಪ್ಪ 35 ಮೈಕ್ರಾನ್. ನಾನು ಎಳೆದಿದ್ದ ಪವರ್ ಗೆರೆ ಕಾಲು ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದ. ಅಂದ್ರೆ ಸುಮಾರು 0.2 ಓಮ್. ಜಿಎಸ್‌ಎಂ ಮಾಡ್ಯೂಲ್ ಜೋರಾಗಿ ಸಿಗ್ನಲ್ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್ ಎಳೆಯುತ್ತೆ. ಆ ಗೆರೆಯಲ್ಲೇ 0.4 ವೋಲ್ಟ್ ಹೋಯ್ತು, ಗ್ರೌಂಡ್ ಗೆರೆಯಲ್ಲಿ ಇನ್ನಷ್ಟು. ನಾಲ್ಕು ವೋಲ್ಟ್‌ನಲ್ಲಿ ಓಡುವ ಮಾಡ್ಯೂಲ್ ಆಫ್ ಆಗದೆ ಏನು ಮಾಡುತ್ತೆ? ಬೆಂಗಳೂರಲ್ಲಿ ಟವರ್ ಪಕ್ಕದಲ್ಲೇ ಇದ್ದುದರಿಂದ ಅದು ಮೆತ್ತಗೆ ಮಾತಾಡಿದರೆ ಸಾಕಿತ್ತು. ತೋಟದಲ್ಲಿ ಒಂದೇ ಕಡ್ಡಿ ಸಿಗ್ನಲ್, ಅಲ್ಲಿ ಕೂಗಬೇಕಾಯ್ತು. ಪಿಯುಸಿಯಲ್ಲಿ ಓದಿದ ಓಮ್‌ನ ನಿಯಮ ನನ್ನ ಬೋರ್ಡನ್ನು ಕೆಡಿಸಿತ್ತು.

ಆಮೇಲೆ ನನಗೆ ನಾನೇ ಒಂದಷ್ಟು ನಿಯಮ ಮಾಡಿಕೊಂಡೆ. ಕಲಿಯಬೇಕು ಅನ್ನೋರಿಗೆ ಉಪಯೋಗ ಆಗಬಹುದು.

ಪುಸ್ತಕದ ಹೆಸರು ಕೇಳುವ ಮೊದಲು ನಿಮ್ಮ ಬೋರ್ಡ್‌ನ ಕಷ್ಟ ಯಾವುದು ಅಂತ ಕೇಳಿಕೊಳ್ಳಿ. ಸರ್ಕ್ಯೂಟೇ ಅರ್ಥವಾಗದಿದ್ದರೆ ಹೊರೊವಿಟ್ಸ್ ಮತ್ತು ಹಿಲ್ ಅವರ 'ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್' (ಮೂರನೇ ಆವೃತ್ತಿ, 2015). ವೇಗದ ಸಿಗ್ನಲ್ ಇದ್ದರೆ ಎರಿಕ್ ಬೊಗಾಟಿನ್ ಅವರ 'ಸಿಗ್ನಲ್ ಇಂಟೆಗ್ರಿಟಿ', ಆಮೇಲೆ ಜಾನ್ಸನ್. ಗದ್ದಲದ ತೊಂದರೆಗೆ ಹೆನ್ರಿ ಓಟ್. ಎಲ್ಲ ಒಟ್ಟಿಗೆ ತಗೋಬೇಡಿ.

ಎರಡನೆಯದು, ವರ್ಷ ನೋಡಿ, ಆದರೆ ಹೆದರಬೇಡಿ. ಬೊಸ್ಶಾರ್ಟ್ ಪುಸ್ತಕದಲ್ಲಿ ಫಿಲ್ಮ್ ಮೇಲೆ ಟೇಪ್ ಅಂಟಿಸಿ ನಕ್ಷೆ ಮಾಡುವ ಪುಟಗಳಿವೆ, ಅವು ಈಗ ಇತಿಹಾಸ. ತಾಮ್ರದ ಗುಣ ಮಾತ್ರ ಬದಲಾಗಿಲ್ಲ. ಸಾಫ್ಟ್‌ವೇರ್‌ನ ಬಟನ್ ಕಲಿಸುವ ಪುಸ್ತಕವಾದರೆ ಎರಡೇ ವರ್ಷಕ್ಕೆ ಹಳತಾಗುತ್ತೆ. ಅದಕ್ಕೆ ಉಚಿತ ಮ್ಯಾನ್ಯುಯಲ್ ಸಾಕು.

ಮೂರನೆಯದು, ಓದಿ ಮುಗಿಸಿ ಮಾಡ್ತೀನಿ ಅನ್ನಬೇಡಿ. ಒಂದು ಬೋರ್ಡ್ ಮಾಡಿ, ಅದು ಕೆಡಲಿ. ಕೆಟ್ಟ ಮೇಲೆ ಓದಿದ ಪುಟ ಮರೆಯೋದಿಲ್ಲ.

ಎರಡನೇ ಬೋರ್ಡ್‌ನಲ್ಲಿ ಪವರ್ ಗೆರೆಯನ್ನು 3 ಮಿಲಿಮೀಟರ್ ಅಗಲ ಮಾಡಿ, ಉದ್ದ ತಗ್ಗಿಸಿ, ಕೆಳಗಿನ ಪದರ ಪೂರ್ತಿ ಗ್ರೌಂಡ್ ಬಿಟ್ಟೆ. ಮಾಡ್ಯೂಲ್ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಇಟ್ಟೆ. ದಸರಾ ರಜೆಯಲ್ಲಿ ಹಾಕಿ ಬಂದೆ. ಮೊದಲನೇ ಕಾಲ್‌ಗೇ ಮೋಟರ್ ಓಡಿತು.

ಆಮೇಲೂ ಒಂದು ವಾರ ಅಪ್ಪ ರಾತ್ರಿ ಮಿಸ್ಡ್ ಕಾಲ್ ಕೊಟ್ಟು, ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ ನೀರು ಬರ್ತಿದೆಯಾ ಅಂತ ನೋಡ್ಕೊಂಡು ಬಂದರಂತೆ. ಅಮ್ಮ ಹೇಳಿದ್ದು. ಈಗ ಮಲಗಿದ್ದಲ್ಲೇ ಇರ್ತಾರೆ. ಜಾನ್ಸನ್ ಪುಸ್ತಕ ಮಾರಲಿಲ್ಲ. ಅದಕ್ಕೆ ತಕ್ಕ ಬೋರ್ಡ್ ಬಂದ ದಿನ ತೆಗೀತೀನಿ.